ಎದೆ ಕೊಯ್ಸಿಕೊಂಡು ಬಂದ ಅಳಿಯ

ಹಲ್ಲು, ಹೊಟ್ಟೆ, ಎದೆ ಈ ಮೂರೂ ತಾವು ಇದ್ದೇವೆಂದು ತೋರಿಸಿಕೊಳ್ಳದೆ ಇರುವಷ್ಟು ದಿನ ಮನುಷ್ಯ ಸುಖವಾಗಿರುತ್ತಾನೆ. ಅವುಗಳಲ್ಲಿ ಒಂದು ಬಾಯಿಬಿಟ್ಟಿತೋ, ಅಲ್ಲಿಗೆ ನೆಮ್ಮದಿ ಮುಗಿಯಿತು. ನನ್ನ ಹಲ್ಲೂ ಹೊಟ್ಟೆಯೂ ಮರ್ಯಾದೆಯಿಂದ ಬಾಳಿದವು. ಎದೆ ಮಾತ್ರ ಮೊದಲಿನಿಂದಲೂ ತಂಟೆಯದು. ಚಿಕ್ಕಂದಿನಲ್ಲಿ ಕೀಲುಗಳೆಲ್ಲ ಬಾತುಕೊಳ್ಳುವಂಥ ಜ್ವರ ಬಂದಿತ್ತು. ಹೋಗುವಾಗ ಅದು ಎದೆಯೊಳಗಿನ ಒಂದು ಕವಾಟವನ್ನು ಕಿರಿದು ಮಾಡಿ ಹೋಗಿತ್ತಂತೆ. ಇದು ಗೊತ್ತಾದದ್ದು ನಾನು ಮದುವೆಯಾಗಿ, ಎರಡು ಮಕ್ಕಳ ತಂದೆಯಾಗಿ, ದಾವಣಗೆರೆಯ ಹತ್ತಿ ಮಂಡಿಯೊಂದರಲ್ಲಿ ಗುಮಾಸ್ತನಾಗಿ, ಆ ಮಂಡಿಯ ಮೆಟ್ಟಿಲು ಹತ್ತಿದರೆ ನಾಯಿಯ ಹಾಗೆ ತೇಕತೊಡಗಿದ ಮೇಲೆ. ಮದರಾಸಿಗೆ ಹೋಗಿ ಕೊಯ್ಸಿಕೊಂಡು ಬನ್ನಿ ಎಂದರು ಡಾಕ್ಟರು. ಹೋದೆ, ಕೊಯ್ಸಿಕೊಂಡೆ, ಬಂದೆ. ನಿಜವಾದ ಕಷ್ಟ ಶುರುವಾದದ್ದು ಬಂದ ಮೇಲೆ.

ಆಗಿನ್ನೂ ಎದೆಯ ಆಪರೇಷನ್ ಅನ್ನುವುದು ನಮ್ಮ ಊರಿನಲ್ಲಿ ಯಾರೂ ಕಂಡರಿಯದ ಸಂಗತಿ. ವಿನೋಬನಗರದ ನಮ್ಮ ಬಾಡಿಗೆ ಮನೆಗೆ ಜನ ಬರತೊಡಗಿದರು. ಕಾಯಿಲೆಯವರನ್ನು ಮಾತಾಡಿಸಿಕೊಂಡು ಹೋಗುವುದು ನಮ್ಮಲ್ಲಿ ಪದ್ಧತಿ, ಬೇಡ ಅನ್ನುವಂತಿಲ್ಲ. ಆದರೆ ಬಂದವರಿಗೆ ಬರೀ ಮಾತು ಸಾಲದು, ಗಾಯ ನೋಡಬೇಕು. ಎಡಗಡೆಯ ಪಕ್ಕೆಯಿಂದ ಬೆನ್ನಿನವರೆಗೆ ಹೊಲಿಗೆ. ಅಂಗಿ ಎತ್ತಿ ಇಳಿಸಿ, ಎತ್ತಿ ಇಳಿಸಿ ಅದರ ಗುಂಡಿಗಳೇ ಕಿತ್ತುಹೋದವು. ಸರ್ಜನ್ನರು ಎದೆಯೊಳಗೆ ಬೆರಳು ತೂರಿಸಿ ಕವಾಟ ಅಗಲ ಮಾಡಿದರು ಎಂದು ಒಮ್ಮೆ ಬಾಯಿಬಿಟ್ಟದ್ದೇ ತಪ್ಪಾಯಿತು.

"ಬೆರಳು ಅಂದ್ರೆ ಯಾವ ಬೆರಳ್ರಿ?" ಎಂದರು ಎದುರು ಮನೆಯ ಯಜಮಾನರು.

"ತೋರುಬೆರಳು."

"ಉಗುರು ತಗದಿದ್ರೋ ಇಲ್ಲೋ?"

ನಾನು ಪ್ರಜ್ಞೆಯಿಲ್ಲದೆ ಮಲಗಿದ್ದೆ, ಸರ್ಜನ್ನರ ಉಗುರು ನೋಡುವ ಸ್ಥಿತಿಯಲ್ಲಿರಲಿಲ್ಲ ಎಂದೆ. "ಅದನ್ನ ಮೊದ್ಲೇ ನೋಡ್ಕಬೇಕಾಗಿತ್ತು ಬಿಡ್ರಿ" ಎಂದು ಅವರು ತಲೆಯಾಡಿಸಿ, ಕಾಫಿ ಕುಡಿದು ಎದ್ದರು. ಆಮೇಲೆ ಎದೆ ಹೇಗೇಗೋ ಬಡಿದುಕೊಂಡಾಗಲೆಲ್ಲ ಒಳಗೆ ಯಾರದೋ ಉಗುರು ಉಳಿದುಕೊಂಡಿದೆಯೇನೋ ಎಂದು ನನಗೇ ಅನ್ನಿಸತೊಡಗಿತು.

ಎದೆ ಹೇಗೇಗೋ ಬಡಿಯುತ್ತಿದ್ದದ್ದೂ ನಿಜ. ಉಸಿರೇನೋ ಸಲೀಸಾಗಿತ್ತು, ಸುಳ್ಳು ಹೇಳಬಾರದು. ಆದರೆ ಬಡಿತಕ್ಕೆ ಹಿಂದೆ ಇದ್ದ ಒಂದು ಕ್ರಮ ತಪ್ಪಿಹೋಗಿತ್ತು. ಒಂದು ಬಡಿತ, ಇನ್ನೊಂದು ಬಡಿತ, ಆಮೇಲೆ ಏನನ್ನೋ ಮರೆತವರ ಹಾಗೆ ಸುಮ್ಮನಾಗುವುದು. ನಿಂತೇಹೋಯಿತು ಎಂದು ನಾನು ಹೆಂಡತಿ ಮಕ್ಕಳನ್ನು ನೆನೆಯುವಷ್ಟರಲ್ಲಿ ಮೂರು ನಾಲ್ಕು ಒಟ್ಟಿಗೆ ಬಡಿದುಬಿಡುವುದು. ಮದರಾಸಿನ ಡಾಕ್ಟರು ಇದಕ್ಕೆಂದು ಒಂದು ಸಣ್ಣ ಬಿಳಿ ಮಾತ್ರೆ ಕೊಟ್ಟು, ದಿನಾ ತಪ್ಪದೆ ನುಂಗಬೇಕು ಎಂದಿದ್ದರು. ಉಪ್ಪು ಬಿಡಬೇಕು ಎಂದಿದ್ದರು. ದಾವಣಗೆರೆಯಲ್ಲಿ ಬದುಕಿಕೊಂಡು, ಸಂಜೆ ಮೆಣಸಿನಕಾಯಿ ಮಂಡಕ್ಕಿಯ ವಾಸನೆ ಬೀದಿಗೆಲ್ಲ ಹಬ್ಬಿದಾಗ ಉಪ್ಪಿಲ್ಲದ ಗಂಜಿ ಕುಡಿಯುವವನ ಸಂಕಟ ಮದರಾಸಿನವರಿಗೆ ಏನು ಗೊತ್ತು. ಅದನ್ನೂ ಸಹಿಸಿಕೊಂಡೆ. ಆದರೆ ಹೊರಡುವಾಗ ಅವರು ಹೇಳಿದ ಇನ್ನೊಂದು ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಊಟ ಸೇರದೆ, ಬಡಿತ ಇನ್ನೂ ಕೆಟ್ಟರೆ ತಡಮಾಡದೆ ಮತ್ತೆ ಬನ್ನಿ ಎಂದಿದ್ದರು. ಮತ್ತೆ ಬನ್ನಿ ಎಂದರೆ ಮತ್ತೆ ಕೊಯ್ಯುತ್ತಾರೆ ಎಂದೇ ನಾನು ಅರ್ಥ ಮಾಡಿಕೊಂಡೆ. ಎರಡನೆಯ ಸಲ ಆ ಮೇಜಿನ ಮೇಲೆ ಮಲಗಿದರೆ ಎದ್ದು ಬರುತ್ತೇನೆಂಬ ನಂಬಿಕೆ ನನಗಿರಲಿಲ್ಲ. ಹೆಂಡತಿ ಗಿರಿಜೆಗೂ ಇರಲಿಲ್ಲ, ಆದರೆ ಅವಳು ಹಾಗೆಂದು ಹೇಳಲಿಲ್ಲ.

ಜನರ ಕಾಟ ನೋಡಿ ದಾವಣಗೆರೆಯ ನಮ್ಮ ಡಾಕ್ಟರು, "ಸ್ವಲ್ಪ ದಿನ ಎಲ್ಲಾದ್ರೂ ಹೊಳೆಗಾಳಿ ಇರೋ ಕಡೆ ಹೋಗಿ ಇದ್ದು ಬನ್ರಿ" ಎಂದರು. ಹೊಳೆಗಾಳಿ ಎಂದರೆ ಹರಿಹರ. ಹರಿಹರ ಎಂದರೆ ಗಿರಿಜೆಯ ತವರುಮನೆ. ಮಕ್ಕಳ ಶಾಲೆ ಇದ್ದದ್ದರಿಂದ ಅವಳು ದಾವಣಗೆರೆಯಲ್ಲೇ ಉಳಿಯುವುದು, ಭಾನುವಾರ ಭಾನುವಾರ ರೈಲಿನಲ್ಲಿ ಬಂದು ನನ್ನನ್ನು ನೋಡಿಕೊಂಡು ಹೋಗುವುದು ಎಂದಾಯಿತು. ಔಷಧಿಯ ವಿಚಾರ ಕೇಳಹೋದರೆ ಡಾಕ್ಟರು, "ನಿಮಗ್ಯಾಕ ಅದರ ಚಿಂತೆ? ನಿಮ್ಮ ಮನೆಯೋರಿಗೆ ಎಲ್ಲಾ ಹೇಳೀನಿ" ಎಂದರು. ಗಿರಿಜೆ ಅದನ್ನು ತನ್ನ ತಾಯಿಗೆ ಹೇಳಿದಳು. ಎದೆ ನನ್ನದಾದರೂ ಅದರ ಯಜಮಾನಿಕೆ ಹೀಗೆ ಹೆಂಗಸರ ಕೈಯಿಂದ ಕೈಗೆ ಹೋಯಿತು.

ಇಲ್ಲಿ ನಮ್ಮ ಅತ್ತೆಯವರ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಹಳೆಯ ಮನೆತನಗಳಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಅಳಿಯ ಕಂಡರೆ ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲ ಮರೆಗೆ ಸರಿಯುತ್ತಾರೆ. ಹೇಳುವುದೇನಾದರೂ ಇದ್ದರೆ ಮಗಳ ಮುಖಾಂತರ, ಮಗಳಿಲ್ಲದಿದ್ದರೆ ಗಂಡನ ಮುಖಾಂತರ, ಅವರೂ ಇಲ್ಲದಿದ್ದರೆ ಗೋಡೆಗೆ ಹೇಳುತ್ತಾರೆ. ಮದುವೆಯಾದಾಗಿನಿಂದ ನನಗೆ ಅತ್ತೆಯವರೆಂದರೆ ಒಂದು ಸೆರಗಿನ ಅಂಚು, ಒಂದಿಷ್ಟು ಬಳೆ ಸದ್ದು, ಮತ್ತು ಬಹಳ ರುಚಿಯಾದ ಅಡುಗೆ. ಇದು ಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೋಗುವ ಅಳಿಯನಿಗೆ ನಡೆಯುತ್ತದೆ. ರೋಗಿಯಾಗಿ ಬಂದು ಕೂತವನಿಗೆ ಹೇಗೆ ನಡೆದೀತು? ನನಗೆ ಮೈಯ ನೀರಿಳಿಸಲು ಆಗಾಗ ಒಂದು ಇಂಜೆಕ್ಷನ್ ಹಾಕಿಸುತ್ತಿದ್ದರು. ಅದು ಹಾಕಿಸಿಕೊಂಡ ದಿನ ಕೂತಲ್ಲಿ ಕೂರುವಂತಿಲ್ಲ, ನಿಂತಲ್ಲಿ ನಿಲ್ಲುವಂತಿಲ್ಲ, ಮತ್ತೆ ಮತ್ತೆ ಹಿತ್ತಲಿಗೆ ಓಡಬೇಕು. ಹಿತ್ತಲಿಗೆ ಹೋಗುವ ದಾರಿ ಅಡುಗೆಮನೆಯ ಮೂಲಕ. ನಾನು ಕೆಮ್ಮಿ ಸೂಚನೆ ಕೊಟ್ಟು ಒಳಗೆ ಹೋಗಬೇಕು. ರೊಟ್ಟಿ ಬಡಿಯುತ್ತಿದ್ದ ಆ ಹೆಂಗಸು ಹಿಟ್ಟಿನ ಕೈಯಲ್ಲೇ ಎದ್ದು, ಸೆರಗೆಳೆದುಕೊಂಡು ಬಾಗಿಲ ಮರೆಗೆ ಹೋಗಬೇಕು. ನಾನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ರೊಟ್ಟಿ ಹಂಚಿನ ಮೇಲೆ ಕರಿಯಾಗುತ್ತಿತ್ತು. ಇಬ್ಬರಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಇಷ್ಟರ ಮೇಲೆ ಉಪಚಾರಕ್ಕೆ ಏನೂ ಕಡಿಮೆಯಿರಲಿಲ್ಲ. ಬೆಳಿಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ ನಡುಮನೆಯ ಮಣೆಯ ಮುಂದೆ ಬೆಳಗಿದ ಹಿತ್ತಾಳೆ ತಟ್ಟೆ, ಅದರಲ್ಲಿ ಮಾತ್ರೆ, ಪಕ್ಕದಲ್ಲಿ ನೀರಿನ ತಂಬಿಗೆ ಸಿದ್ಧವಾಗಿರುತ್ತಿತ್ತು. ಮೊದಲ ದಿನ ನೋಡುತ್ತೇನೆ, ತಟ್ಟೆಯಲ್ಲಿ ಎರಡು ಮಾತ್ರೆ. ದಾವಣಗೆರೆಯಲ್ಲಿ ನುಂಗುತ್ತಿದ್ದದ್ದು ಒಂದು. ನನ್ನ ಎದೆ ಧಸಕ್ಕೆಂದಿತು. ಡಾಕ್ಟರು ಮಾತ್ರೆ ಹೆಚ್ಚು ಮಾಡಿದ್ದಾರೆ, ಕಾಯಿಲೆ ಕೈಮೀರಿದೆ, ಅದಕ್ಕೇ ನನಗೆ ಹೇಳದೆ ಗಿರಿಜೆಗೆ ಹೇಳಿದ್ದಾರೆ ಎಂದು ಎಲ್ಲವನ್ನೂ ನಾನೇ ಒಂದಕ್ಕೊಂದು ಜೋಡಿಸಿಕೊಂಡೆ. ಅತ್ತೆಯವರನ್ನು ಕೇಳುವಂತಿಲ್ಲ. ಮಾವನವರು ಕೊಕ್ಕನೂರಿನ ಹೊಲಕ್ಕೆ ಬೆಳಿಗ್ಗೆ ಗಾಡಿ ಕಟ್ಟಿಕೊಂಡು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವರನ್ನು ಕೇಳಿದೆ. "ಅದೆಲ್ಲ ಒಳಗಿನೋರಿಗೆ ಗೊತ್ರಿ, ಅಳಿಯಂದ್ರೇ. ಕೊಟ್ಟಿದ್ದು ತಗಳ್ರಿ, ಉಂಡು ಮಲಗ್ರಿ" ಎಂದರು. ಭಾನುವಾರ ಗಿರಿಜೆ ಬಂದಳು. ಅವಳನ್ನು ಕೇಳಬಹುದಾಗಿತ್ತು. ಕೇಳಿದರೆ ಅವಳು ನಿಜ ಹೇಳಿಬಿಟ್ಟಾಳೆಂದು ಹೆದರಿ ಕೇಳಲಿಲ್ಲ. ಅವಳು ಮಕ್ಕಳ ಸುದ್ದಿ ಹೇಳಿ ಸಂಜೆ ರೈಲಿಗೆ ಹೋದಳು.

ಕೆಲವೇ ದಿನಗಳಲ್ಲಿ ನನಗೆ ಊಟ ಸೇರದಾಯಿತು. ರೊಟ್ಟಿಯ ವಾಸನೆ ಬಂದರೆ ಹೊಟ್ಟೆ ತೊಳಸುವುದು. ಒಂದು ತುತ್ತು ಇಳಿಸಿದರೆ ಎರಡು ತುತ್ತು ಹೊರಕ್ಕೆ. ಎದೆ ಈಗ ಓಡುವುದನ್ನು ಬಿಟ್ಟು, ಮುದಿ ಎತ್ತಿನ ಹಾಗೆ ಎರಡು ಹೆಜ್ಜೆ ಇಟ್ಟು ನಿಲ್ಲುವುದು, ಮತ್ತೆ ಎರಡು ಹೆಜ್ಜೆ ಇಡುವುದು ಮಾಡತೊಡಗಿತು. ಪಕ್ಕದ ಮನೆಯಲ್ಲಿ ಗಡಿಯಾರ ರಿಪೇರಿಯ ಬಾಬುಸಾಬ್ ಎಂಬವರಿದ್ದರು. ದಿನಾ ಬಂದು ನನ್ನ ಎದೆಗೆ ಕಿವಿಯಿಟ್ಟು ಕೇಳುವುದು ಅವರ ಅಭ್ಯಾಸ. "ಚಲೋ ಐತ್ರಿ. ಸ್ವಲ್ಪ ಸ್ಲೋ ಹೊಂಟೈತೆ, ಅಷ್ಟೇ. ಮಳೆಗಾಲದಾಗ ಎಲ್ಲಾ ಗಡಿಯಾರನೂ ಹಿಂಗೇ" ಎಂದು ಧೈರ್ಯ ಹೇಳುವರು. ಮಳೆಗಾಲ ಮುಗಿದು ಹತ್ತಿ ಬಿಡಿಸುವ ಕಾಲ ಬಂದಿತ್ತು. ಅತ್ತೆಯವರು ಗೋಡೆಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: ನನಗೆ ಗಾಳಿ ಸೋಕಿದೆ, ಎದ್ದು ಓಡಾಡುವಂತಾದರೆ ಗಾಳಿ ಬಿಡಿಸುವ ಉಕ್ಕಡಗಾತ್ರಿ ಅಜ್ಜಯ್ಯನ ಹತ್ತಿರ ಕರೆದುಕೊಂಡು ಬರುತ್ತೇನೆಂದು ಅವರು ಹರಕೆ ಹೊತ್ತಿದ್ದಾರೆ. ಹರಕೆಯ ಜೊತೆಗೇ ಬೆಳಿಗ್ಗೆಯ ಎರಡು ಮಾತ್ರೆಯೂ ತಪ್ಪದೆ ಬರುತ್ತಿತ್ತು. ನಾನೂ ತಪ್ಪದೆ ನುಂಗುತ್ತಿದ್ದೆ, ಬದುಕಬೇಕಲ್ಲ.

ಆಮೇಲೆ ಹಳದಿ ಶುರುವಾಯಿತು. ಅನ್ನ ಹಳದಿ, ಹಾಲು ಹಳದಿ, ಮೊನ್ನೆ ತಾನೇ ಸುಣ್ಣ ಹೊಡೆದ ಗೋಡೆ ಹಳದಿ. ಅತ್ತೆಯವರು ಗಾಳಿ ಬಿಡಿಸಲೆಂದು ಎಲ್ಲಕ್ಕೂ ಅರಿಶಿನ ಬೆರೆಸುತ್ತಿದ್ದಾರೆ ಎಂದು ನಾನು ಒಳಗೊಳಗೇ ಸಿಟ್ಟಾದೆ. ಗೋಡೆಗೆ ಅರಿಶಿನ ಯಾರು ಬಳಿಯುತ್ತಾರೆ ಎಂದು ಯೋಚಿಸುವಷ್ಟು ತಲೆ ಓಡಲಿಲ್ಲ. ಒಂದು ದಿನ ಬಾಬುಸಾಬರ ಟೋಪಿಯನ್ನೇ ನೋಡುತ್ತ, "ಸಾಬ್ರೇ, ಟೋಪಿ ಒಗೆದು ಬಹಳ ದಿನ ಆಗೈತೇನು?" ಎಂದುಬಿಟ್ಟೆ. ಅದು ಅವರು ಶುಕ್ರವಾರದ ನಮಾಜಿಗೆಂದು ಆಗತಾನೇ ಒಗೆದು ಹಾಕಿಕೊಂಡದ್ದು. ಅವರು ಎದ್ದು ಹೋದರು. ನನ್ನ ಎದೆಗೆ ಕಿವಿಯಿಡುವುದನ್ನೂ ಬಿಟ್ಟರು.

ಬಾಬುಸಾಬರ ಸಿಟ್ಟು ಹೋಗಲಿ, ಆ ಭಾನುವಾರ ಮಾವನವರ ಸಿಟ್ಟನ್ನೂ ಸಂಪಾದಿಸಿದೆ. ಆ ವರ್ಷ ಕೊಕ್ಕನೂರಿನ ಹೊಲದಲ್ಲಿ ಹತ್ತಿ ಹುಲುಸಾಗಿ ಬಂದಿತ್ತು. ಅವರು ಮೊದಲ ಬಿಡಿಸಿನ ಒಂದು ಬೊಗಸೆ ಹತ್ತಿಯನ್ನು ಹಿಂದಿನ ಸಂಜೆ ಹೆಗಲ ಮೇಲಿನ ವಲ್ಲಿಯಲ್ಲಿ ಕಟ್ಟಿ ತಂದಿಟ್ಟು, ಬೆಳಿಗ್ಗೆ ಹೊಲಕ್ಕೆ ಹೊರಡುವ ಮುಂಚೆ ನನ್ನ ಮುಂದೆ ಬಿಚ್ಚಿದರು. ಅವರ ಮುಖದಲ್ಲಿ ಮೊಮ್ಮಗನನ್ನು ತೋರಿಸುವವನ ಸಂಭ್ರಮವಿತ್ತು. ನಾನು ಹತ್ತಿ ಮಂಡಿಯ ಮನುಷ್ಯ. ಎದೆ ಹೋದರೂ ಹತ್ತಿ ನೋಡುವ ಠೀವಿ ಹೋಗಿರಲಿಲ್ಲ. ಎಳೆ ಎಳೆದು ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ, ತಲೆಯಾಡಿಸಿದೆ.

"ಎಳೆ ಚಲೋ ಐತೆ. ಆದ್ರೆ ಮಾವನೋರೇ, ಹಳದಿ ಹೊಡದೈತಲ್ಲ. ಇದನ್ನ ಮಂಡಿಯಾಗ ಯಾರೂ ಕಣ್ಣೆತ್ತಿ ನೋಡಲ್ಲ."

"ಏನಂದ್ರಿ?"

"ಮಳೆಗೆ ನೆಂದಿರಬೇಕು. ಪೂರಾ ಹಳದಿ."

ಮಾವನವರು ವಲ್ಲಿಯನ್ನು ಮೆಲ್ಲಗೆ ಮಡಚಿದರು. "ಕಾಯಿಲೆ ಮನುಷ್ಯ ಅಂತ ಸುಮ್ಕಿದೀನಿ" ಎಂದರು. ಅಷ್ಟೇ ಅಂದದ್ದು. ಆದರೆ ಹೆಣ್ಣು ಕೊಟ್ಟ ಮಾವ ಹಾಗೆನ್ನುವುದೂ ಅಂಗಳಕ್ಕಿಳಿಸಿ ಕಳಿಸುವುದೂ ಒಂದೇ. ಅಷ್ಟರಲ್ಲಿ ಬೆಳಗಿನ ರೈಲಿಗೆ ಬಂದ ಗಿರಿಜೆ ಹೊಸಿಲು ದಾಟಿದಳು. ತಂದೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ವಲ್ಲಿ ಬಿಚ್ಚಿ ಹತ್ತಿ ನೋಡಿದಳು.

"ಮಲ್ಲಿಗೆ ಹೂವಿದ್ದಂಗೆ ಐತಲ್ರೀ, ಎಲ್ಲೈತೆ ಹಳದಿ?" ಎಂದವಳು ಒಮ್ಮೆಲೇ ನನ್ನ ಕಡೆ ತಿರುಗಿದಳು. ತನ್ನ ಸೀರೆಯ ಸೆರಗನ್ನು ನನ್ನ ಕಣ್ಣ ಮುಂದೆ ಹಿಡಿದಳು. "ಇದೇನು ಬಣ್ಣ?"

"ಹಳದಿ."

ಅದು ಬಿಳಿ ಸೆರಗಂತೆ. ಅವಳು ಕುಪ್ಪಸದ ತೋಳಿನಿಂದ ಕಣ್ಣೊರೆಸಿಕೊಂಡು, "ಏಳ್ರಿ, ಅಂಗಿ ಹಾಕ್ಯಳ್ರಿ" ಎಂದಳು. ಬಂದ ದಾರಿಯಲ್ಲೇ ತಿರುಗಿ ದಾವಣಗೆರೆಗೆ ಹೊರಟೆವು. ರೈಲಿನಲ್ಲಿ ನಾನು ಕಿಟಕಿಯಾಚೆಯ ಹಳದಿ ಆಕಾಶ ನೋಡುತ್ತ, ಮಂಡಿಯ ಧಣಿಗಳಿಗೆ ಹೇಳಿ ಗಿರಿಜೆಗೆ ಏನಾದರೂ ದಾರಿ ಮಾಡಬೇಕು ಎಂದು ಯೋಚಿಸುತ್ತಿದ್ದೆ. ಕಣ್ಣೂ ಹೋಯಿತು, ಇನ್ನು ಮದರಾಸಿನವರು ಬಂದರೂ ಉಳಿಸುವಂತಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಆ ಅರ್ಧ ಗಂಟೆಯಲ್ಲಿ ನಾನು ಪಟ್ಟ ದುಃಖ ಇನ್ನು ಯಾರಿಗೂ ಬೇಡ.

ಡಾಕ್ಟರು ನಾಡಿ ಹಿಡಿದರು, ಕಣ್ಣು ಎಳೆದು ನೋಡಿದರು, ಕಂಡದ್ದೆಲ್ಲ ಹಳದಿ ಎಂದು ನಾನು ಹೇಳಿದ ಕೂಡಲೇ ಕುರ್ಚಿ ಮುಂದಕ್ಕೆಳೆದುಕೊಂಡರು.

"ಮಾತ್ರೆ ದಿನಕ್ಕೆ ಎಷ್ಟು ತಗಳ್ತೀರಿ?"

"ನೀವು ಹೇಳಿದಷ್ಟೇ. ಎರಡು."

"ನಾನು ಯಾವಾಗ ಎರಡು ಹೇಳಿದೆ?" ಎಂದು ಅವರು ಗಿರಿಜೆಯ ಕಡೆ ನೋಡಿದರು. ಗಿರಿಜೆ, "ಒಂದೇ ಅಂತ ಅವ್ವಗೆ ನಾನೇ ಹೇಳಿ ಬಂದೀನಿ" ಎಂದಳು. ಇಬ್ಬರೂ ನನ್ನ ಕಡೆ ನೋಡಿದರು. ಎದೆಯ ಮಾತ್ರೆ ಅಳತೆ ಮೀರಿದರೆ ಮೊದಲು ಊಟ ಬಿಡಿಸುತ್ತದೆ, ಆಮೇಲೆ ಲೋಕಕ್ಕೆಲ್ಲ ಹಳದಿ ಬಳಿಯುತ್ತದೆ, ಕೊನೆಗೆ ಎದೆಯನ್ನೇ ನಿಲ್ಲಿಸುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. "ಇನ್ನೊಂದು ವಾರ ಬಿಟ್ಟಿದ್ರೆ ನಾನೇ ನಿಮ್ಮ ಮನೆಯೋರನ್ನ ಮಾತಾಡಿಸಿಕೊಂಡು ಹೋಗಕೆ ಬರಬೇಕಾಗ್ತಿತ್ತು" ಎಂದರು. ಸದ್ಯಕ್ಕೆ ಮಾತ್ರೆ ಪೂರ್ತಿ ನಿಲ್ಲಿಸಿ, ಹೊಟ್ಟೆಗೆ ಹೆಚ್ಚು ಹಾಕಬೇಡಿ, ಹೊತ್ತಿಗೆ ಒಂದು ರೊಟ್ಟಿ ಸಾಕು ಎಂದರು. ಮದರಾಸಿನ ಮಾತೇ ಬರಲಿಲ್ಲ.

ಸಂಜೆ ಹರಿಹರಕ್ಕೆ ತಿರುಗಿ ಬಂದೆವು. ನಾನು ನಡುಮನೆಯಲ್ಲಿ ಮಲಗಿದ್ದೆ. ಅಡುಗೆಮನೆಯಲ್ಲಿ ಗಿರಿಜೆ ತಾಯಿಯನ್ನು ಕೇಳುತ್ತಿದ್ದದ್ದು ಒಂದಕ್ಷರ ಬಿಡದೆ ಕೇಳಿಸುತ್ತಿತ್ತು.

"ಒಂದು ಅಂತ ಹೇಳಿದ್ನಲ್ಲವ್ವ. ಎರಡ್ಯಾಕ ಕೊಟ್ಟೆ?"

"ಒಂದೇ ಹೆಂಗೆ ಇಡಾದೇ? ಒಂಟಿ ಇಡಬಾರ್ದು. ಹಾದಿ ಮ್ಯಾಲಿನ ಭಿಕ್ಷುಕಗೂ ನಾನು ಒಂಟಿ ರೊಟ್ಟಿ ನೀಡಿದೋಳಲ್ಲ. ಮನೆ ಅಳಿಯಂದ್ರು ಅವರು. ತಟ್ಟೆಯಾಗ ಒಂದೇ ಒಂದು, ಅದೂ ಎಳ್ಳುಕಾಳಿನಷ್ಟು ಇಟ್ರೆ ಏನಂದ್ಕಂತಾರೆ?"

ನನಗೆ ಮೈಯೆಲ್ಲ ಉರಿಯಿತು. ಒಂಟಿ ಬಡಿಸಿದರೆ ಕೇಡು ಎಂಬುದು ನನಗೇನು ಗೊತ್ತಿಲ್ಲದ್ದಲ್ಲ. ಈ ನಾಡಿನಲ್ಲಿ ಯಾರ ಮನೆಯಲ್ಲಾದರೂ ಒಂದು ದೋಸೆ ಸಾಕೆಂದು ಹೇಳಿ ಗೆದ್ದವರುಂಟೆ? ಆದರೆ ಮಾತ್ರೆಗೂ ಈ ಶಾಸ್ತ್ರವೆ? ಅಷ್ಟು ದೊಡ್ಡ ಸರ್ಜನ್ನರು ಎದೆ ಸೀಳಿ, ಬೆರಳು ತೂರಿಸಿ ಉಳಿಸಿದ ಜೀವವನ್ನು ಈ ಮನೆಯವರು ಮರ್ಯಾದೆ ಮಾಡಿಯೇ ತೆಗೆಯುತ್ತಿದ್ದರಲ್ಲ ಎಂದು ಅಡುಗೆಮನೆಗೆ ಕೇಳುವ ಹಾಗೆ ಗಟ್ಟಿಯಾಗಿಯೇ ಅಂದೆ. ಡಾಕ್ಟರು ಏನು ಹೇಳಿದ್ದಾರೆಂದು ಕೇಳದೆ ಯಾರಿಗೂ ಏನನ್ನೂ ಕೊಡಬಾರದು ಎಂದೂ ಅಂದೆ. ಗಿರಿಜೆ ಬಂದು ನನ್ನ ಬಾಯಿಯ ಮೇಲೆ ಕೈಯಿಟ್ಟಳು.

ಮಾತ್ರೆ ನಿಲ್ಲಿಸಿದ ಮೇಲೆ ಲೋಕ ಮೆಲ್ಲಗೆ ಬೆಳ್ಳಗಾಯಿತು. ಹತ್ತಿ ನಿಜವಾಗಿಯೂ ಮಲ್ಲಿಗೆಯಂತಿತ್ತು. ಮಾವನವರ ಮುಂದೆ ಅದನ್ನು ಹೊಗಳಿ ಹೊಗಳಿ ಬಾಯಿ ನೋಯಿಸಿಕೊಂಡೆ. ಬಾಬುಸಾಬರೂ ಒಲಿದು, ಮತ್ತೆ ಕಿವಿಯಿಟ್ಟು, ಟೈಮು ಸರಿಹೋಯಿತು ಎಂದರು. ಪೂರ್ತಿ ಸರಿಹೋಗಿರಲಿಲ್ಲ. ಎದೆ ಇವತ್ತಿಗೂ ಮನಸ್ಸು ಬಂದಾಗ ಎರಡು ಹೆಜ್ಜೆ ತಪ್ಪುತ್ತದೆ. ಆದರೆ ಅಡುಗೆಮನೆಯಲ್ಲಿ ಬಳೆ ಸದ್ದು ನಿಂತುಹೋಗಿತ್ತು. "ನನ್ನ ಕೈಯಾರೆ ಮಗಳ ತಾಳಿ ಹರೀತಿದ್ನಲ್ಲೇ" ಎಂದು ಅತ್ತೆಯವರು ಅತ್ತರಂತೆ. ನಾನು ಎದ್ದು ಓಡಾಡುವ ತನಕ, ಮಕ್ಕಳನ್ನು ಎದುರು ಮನೆಯವರಿಗೆ ಒಪ್ಪಿಸಿ, ಗಿರಿಜೆಯೇ ಅಲ್ಲಿದ್ದು ನನಗೆ ಬಡಿಸಿದಳು. ಅತ್ತೆಯವರು ನೀರಿನ ತಂಬಿಗೆಯನ್ನೂ ನನ್ನ ಕಡೆ ಸರಿಸಲಿಲ್ಲ, ತಾವೂ ಸರಿಯಾಗಿ ಉಣ್ಣಲಿಲ್ಲ. ಬಿಡು, ಬುದ್ಧಿ ಬಂತು ಎಂದು ನಾನು ಮೊದಮೊದಲು ಬೀಗಿದೆ. ಆಮೇಲೆ ಯಾಕೋ ಆ ಅಡುಗೆಮನೆಯ ಮೌನ ನನಗೆ ಎದೆಯ ನಿಲುಗಡೆಗಿಂತ ಹೆಚ್ಚು ಹಿಂಸೆಯಾಗತೊಡಗಿತು.

ಗಿರಿಜೆ ಮಕ್ಕಳಿಗಾಗಿ ದಾವಣಗೆರೆಗೆ ಹೊರಟ ಮರುದಿನ ಮಧ್ಯಾಹ್ನ, ಬೇರೆ ದಾರಿಯಿಲ್ಲದೆ ಅತ್ತೆಯವರೇ ತಟ್ಟೆ ತಂದು ಮಣೆಯ ಮುಂದಿಟ್ಟು ಬಾಗಿಲ ಮರೆಗೆ ಹೋದರು. ತಟ್ಟೆಯಲ್ಲಿ ಒಂದು ರೊಟ್ಟಿ. ಒಂದೇ. ಉಪ್ಪಿಲ್ಲದ ಪಲ್ಯ ಪಕ್ಕದಲ್ಲಿ. ಭಿಕ್ಷುಕನಿಗೂ ಒಂಟಿ ನೀಡದ ಕೈ ನನಗೆ ಒಂಟಿ ನೀಡಿತ್ತು. ನಾನು ಆ ರೊಟ್ಟಿಯನ್ನೇ ನೋಡುತ್ತ ಕೂತೆ. ಅದನ್ನು ಮುರಿಯಲು ಕೈ ಬರಲಿಲ್ಲ. ಕೊನೆಗೆ ಬಾಗಿಲ ಕಡೆ ತಿರುಗಿ, ಮದುವೆಯಾದ ಮೇಲೆ ಮೊದಲ ಸಲ ನೇರವಾಗಿ ಅವರಿಗೇ ಹೇಳಿದೆ:

"ಅತ್ತೆಯೋರೇ, ಇನ್ನೊಂದು ಹಾಕ್ರಿ."

ಬಾಗಿಲ ಹಿಂದಿನಿಂದ, ಗೋಡೆಗಲ್ಲ, ನನಗೇ, ಒಂದು ಸಣ್ಣ ದನಿ ಕೇಳಿತು:

"ಡಾಕ್ಟ್ರು ಎಷ್ಟು ಹೇಳ್ಯಾರ್ರಿ?"

"ಎರಡು" ಎಂದೆ.

ಬಳೆ ಸದ್ದಾಯಿತು. ಬಾಗಿಲ ಮರೆಯಿಂದ ಒಂದು ಕೈ ಚಾಚಿಬಂದು ಬಿಸಿ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು, ಒಂದು ಗಳಿಗೆ ಅಲ್ಲೇ ಇದ್ದು, ಒಳಗೆ ಹೋಯಿತು. ನನಗೆ ಎರಡನೆಯದನ್ನು ತಿನ್ನುವಷ್ಟು ಹಸಿವಿರಲಿಲ್ಲ. ಏನು ಮಾಡಲಿ, ಡಾಕ್ಟರು ಹೇಳಿದ್ದಾರೆ ಎಂದವನು ನಾನೇ. ಚೂರೂ ಬಿಡದೆ ತಿಂದೆ.